ಐದನೆಯ ಅಂಕದ ದೂತ

ಪ್ಯಾರಿಸ್, 4 ಅಕ್ಟೋಬರ್ 1678

ಪ್ರೀತಿಯ ಭಾವನವರಿಗೆ,

ನೀವು ಕಳಿಸಿದ ಒಣ ಮರಸೇಬಿನ ಬುಟ್ಟಿ ತಲುಪಿತು. ಬುಟ್ಟಿಯ ತಳದಲ್ಲಿ ಹುಲ್ಲಿನ ಕೆಳಗೆ ಇಟ್ಟಿದ್ದ ಕಾಗದವೂ ತಲುಪಿತು. ಹಣ್ಣು ತಿಂದೆ. ಕಾಗದಕ್ಕೆ ಸಹಿ ಹಾಕಲಿಲ್ಲ.

ಒಕ್ಕಣೆ ಚೆನ್ನಾಗಿದೆ. ‘ನಟನ ವೃತ್ತಿಯನ್ನು ಮನಸಾರೆ ತ್ಯಜಿಸಿದ್ದೇನೆ, ದೇವರು ಆಯುಸ್ಸು ಕೊಟ್ಟರೂ ಇನ್ನೆಂದೂ ರಂಗ ಹತ್ತುವುದಿಲ್ಲ.’ ನಿಮ್ಮೂರಿನ ಪಾದ್ರಿ ಬೋದ್ರಿಯವರೇ ಬರೆದುಕೊಟ್ಟಿರಬೇಕು. ಇಷ್ಟು ಬರೆದುಕೊಡದ ನಟನಿಗೆ ಚರ್ಚಿನ ಮಣ್ಣು ಸಿಗುವುದಿಲ್ಲವೆಂಬುದು ನನಗೇನೂ ಹೊಸ ಸುದ್ದಿಯಲ್ಲ. ಅಕ್ಕನ ಪಕ್ಕದಲ್ಲಿ ನನಗೊಂದು ಜಾಗ ಕಾದಿದೆ ಎಂದಿದ್ದೀರಿ. ಕಾಯಲಿ ಬಿಡಿ. ಜಾಗಕ್ಕೆ ವಯಸ್ಸಾಗುವುದಿಲ್ಲ.

ಈಗ ನನ್ನ ಕೆಲಸದ ಮಾತು. ನಮ್ಮ ಮಂಡಳಿಯ ಕವಿ ಹೊಸ ದುರಂತ ನಾಟಕ ಬರೆಯುತ್ತಿದ್ದಾನೆ. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕ ರಾಜನೊಬ್ಬ ಹರಕೆ ಹೊರುತ್ತಾನೆ: ಬದುಕಿ ದಡ ಸೇರಿದರೆ ಮೊದಲು ಎದುರಾದ ಜೀವವನ್ನು ಬಲಿ ಕೊಡುತ್ತೇನೆ ಎಂದು. ಎದುರಾಗುವವನು ಸ್ವಂತ ಮಗ. ಗ್ರೀಕರ ಕಥೆಯೇ ಎಂದು ಕವಿ ಎದೆ ತಟ್ಟಿಕೊಂಡು ಹೇಳುತ್ತಾನೆ. ನಿಜವೋ ಸುಳ್ಳೋ ನೀವು ಹೇಳಬೇಕು. ಮುನ್ನುಡಿಯಲ್ಲಿ ಪ್ರಾಚೀನರ ಹೆಸರು ಇಲ್ಲದಿದ್ದರೆ ಇಲ್ಲಿನ ಪಂಡಿತರು ಅವನನ್ನು ಹುರಿದು ಮುಕ್ಕುತ್ತಾರೆ.

ನನಗೆ ಈ ಸಲ ರಾಜನ ಪಾತ್ರವಲ್ಲ. ಐದನೆಯ ಅಂಕದಲ್ಲಿ ಬರುವ ದೂತ. ಒಂದೇ ದೃಶ್ಯ, ಒಂದೇ ಉದ್ದನೆಯ ಮಾತು, ರಾಜಕುಮಾರ ಹೇಗೆ ಸತ್ತ ಎಂಬ ವರದಿ. ಕವಿಗೆ ನನ್ನ ಧ್ವನಿಯೇ ಬೇಕಂತೆ. ಗ್ರೀಕರ ದೂತ ಹೇಗೆ ಮಾತಾಡುತ್ತಿದ್ದ, ನೆನಪಿದ್ದಷ್ಟು ಬರೆಯಿರಿ. ನೆನಪಿಲ್ಲದ್ದನ್ನು ಬರೆಯಬೇಡಿ.

ನಿಮ್ಮ ಭಾವಮೈದುನ,
ಇಲೇರ್

ಸೋಮ್ಯೂರ್, 23 ಅಕ್ಟೋಬರ್ 1678

ಚಿರಂಜೀವಿ ಇಲೇರನಿಗೆ,

ನಿನ್ನ ಕಾಗದ ಬಂದ ದಿನ ಅಡಿಗೆಯ ಗೀಯೆಮೆತ್ ಈಲು ಮೀನು ಕರಿಯುತ್ತಿದ್ದಳು. ನಿಮ್ಮಕ್ಕ ಪೆರಿನ್ ಅದನ್ನು ಕೆಂಪು ವೈನಿನಲ್ಲಿ ಬೇಯಿಸುತ್ತಿದ್ದಳು, ಕರಿಯುತ್ತಿರಲಿಲ್ಲ. ಹಾಗೆಂದು ಹೇಳಿದೆ. “ಅಮ್ಮಾವ್ರು ಹೋಗಿ ಒಂದೂವರೆ ವರ್ಷ ಆಯ್ತು. ಈಲು ಮೀನಿಗೆ ಅದು ಗೊತ್ತಾಗಿದೆ, ನಿಮಗೇ ಇನ್ನೂ ಗೊತ್ತಾಗಿಲ್ಲ” ಎಂದಳು. ಇಂಥವಳ ಕೈಯಡುಗೆ ಉಣ್ಣುತ್ತಿದ್ದೇನೆ. ಇರಲಿ, ಎಲ್ಲಿದ್ದೆ? ಗ್ರೀಕರು.

ಆ ಹರಕೆಯ ರಾಜನ ಕಥೆ ಕಾಲೇಜಿನಲ್ಲಿ ನಮ್ಮ ಗುರುಗಳ ಬಾಯಲ್ಲಿ ಕೇಳಿದ್ದು. ಗ್ರೀಕಿನಲ್ಲಿ ಅದರ ನಾಟಕ ಇತ್ತೋ ಇಲ್ಲವೋ, ಇದ್ದರೂ ಉಳಿದಿಲ್ಲ. ಹಾಗಾಗಿ ನಿನ್ನ ಕವಿ ಧೈರ್ಯವಾಗಿ ಸುಳ್ಳು ಹೇಳಬಹುದು, ಹಿಡಿಯುವವರಿಲ್ಲ. ಮೂವತ್ತು ವರ್ಷ ಹುಡುಗರಿಗೆ ಗ್ರೀಕ್ ಹೇಳಿಕೊಟ್ಟ ನನಗೆ ಈಗ ಎಷ್ಟೋ ಪದ್ಯಗಳ ಮೊದಲ ಸಾಲು ಮಾತ್ರ ನಾಲಗೆಗೆ ಬರುತ್ತದೆ. ಬಾಗಿಲು ತೆರೆಯುತ್ತದೆ, ಒಳಗೆ ಮನೆ ಇರುವುದಿಲ್ಲ.

ಆದರೂ ಇಷ್ಟು ನೆನಪಿದೆ. ಅವರೂ ನಿಮ್ಮಂತೆಯೇ ಸಾವನ್ನು ಮರೆಯಲ್ಲಿಡುತ್ತಿದ್ದರು. ಅರಮನೆಯ ಬಾಗಿಲ ಹಿಂದೆ ಒಂದು ಕೂಗು, ಆಮೇಲೆ ದೂತ ಹೊರಗೆ ಬಂದು ಹೇಳುವುದು. ನೋಡಿದ್ದಕ್ಕಿಂತ ಕೇಳಿದ್ದು ಆಳಕ್ಕೆ ಹೋಗುತ್ತದೆ ಎಂದು ಅವರಿಗೆ ತಿಳಿದಿತ್ತು. ವ್ಯತ್ಯಾಸವಿಷ್ಟೇ: ಅವರು ಬೆಟ್ಟದ ಬುಡದಲ್ಲಿ ಹಗಲು ಬಿಸಿಲಿನಲ್ಲಿ ಊರಿಗೆ ಊರನ್ನೇ ಕೂರಿಸಿ ಆಡಿದರು, ನೀವು ಮೇಣದಬತ್ತಿಯ ಹೊಗೆಯಲ್ಲಿ ಆಡುತ್ತೀರಿ. ಅವರಿಗೆ ಹಾಡಿ ಕುಣಿಯುವ ದೊಡ್ಡ ಮೇಳವಿತ್ತು. ನೀವು ಮೇಳವನ್ನು ಕಡಿದು ಕಡಿದು, ಕೊನೆಗೆ ರಾಣಿಯ ಗೋಳು ಕೇಳುವ ಒಬ್ಬ ಸಖಿಯನ್ನು ಉಳಿಸಿಕೊಂಡಿದ್ದೀರಿ. ಪಾಪ, ಆ ಸಖಿ ಒಬ್ಬಳೇ ಒಂದೂರಿನಷ್ಟು ನಿಟ್ಟುಸಿರು ಬಿಡಬೇಕು.

ರಾಜನ ಪಾತ್ರ ಕೈತಪ್ಪಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ವಯಸ್ಸು ಎಲ್ಲರಿಗೂ ಆಗುತ್ತದೆ. ಬೋದ್ರಿಯವರು ನಿನ್ನೆ ಕೇಳಿದರು: “ಏನಂತಾನೆ ನಿಮ್ಮ ಬಣ್ಣದ ಬಾವಮೈದ? ಸಹಿ ಆಯ್ತೋ?” “ಆಗುತ್ತೆ” ಎಂದೆ. “ಮೇಷ್ಟ್ರೇ, ನಂಗೆ ಅವನ ಮೇಲೆ ಹಟ ಇಲ್ಲ. ಆದ್ರೆ ಸಹಿ ಇಲ್ದೆ ಹೆಣ ಬಂದ್ರೆ ಗೇಟು ತೆಗಿಯೋಕಾಗಲ್ಲ, ಮೇಲಿನವರು ನನ್ನ ಚರ್ಮ ಸುಲೀತಾರೆ” ಎಂದರು. ಮನುಷ್ಯ ಕೆಟ್ಟವನಲ್ಲ.

ನಿನ್ನನ್ನು ಸಾಕಿ ಬೆಳೆಸಿದವಳು ಪೆರಿನ್. ಕೊನೆಗೆ ಅವಳು ನನ್ನಿಂದ ಪಡೆದ ಮಾತು ಒಂದೇ: ‘ನನ್ನ ತಮ್ಮ ಬೀದಿಪಾಲಾಗಬಾರದು, ನನ್ನ ಪಕ್ಕದಲ್ಲಿ ಮಲಗಬೇಕು.’ ನಾನು ಹೂಂ ಅಂದಿದ್ದೇನೆ. ಯೋಚಿಸು.

ಮಾತ್ಯುರಿನ್

ಪ್ಯಾರಿಸ್, 15 ನವೆಂಬರ್ 1678

ಭಾವನವರಿಗೆ,

ಯೋಚಿಸಿದೆ. ನಮ್ಮ ಕಸುಬಿನ ಜೂಜು ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ನಾವೆಲ್ಲ ಸಹಿ ಹಾಕುವವರೇ, ಆದರೆ ಕೊನೆಯ ಉಸಿರಿಗೆ ಸ್ವಲ್ಪ ಮುಂಚೆ. ಪಾದ್ರಿಯನ್ನು ತಡವಾಗಿ ಕರೆದರೆ ಮಣ್ಣು ಹೋಯಿತು. ಬೇಗ ಕರೆದರೆ ರಂಗ ಹೋಯಿತು. ನಮ್ಮ ದೆರೋಶ್ ಹೋದ ವರ್ಷ ಜ್ವರದಲ್ಲಿ ಹೆದರಿ ಸಹಿ ಹಾಕಿದ. ಮೂರನೆಯ ದಿನ ಎದ್ದು ಕೂತು ಸೂಪು ಕೇಳಿದ! ದೇವರಿಗೆ ಕೊಟ್ಟ ಮಾತು, ಮುರಿಯುವ ಹಾಗಿಲ್ಲ. ಈಗ ವಿಗ್ಗಿನ ಅಂಗಡಿಯಲ್ಲಿ ಕೂತಿದ್ದಾನೆ. ಗಿರಾಕಿಗಳಿಗೆ ಕನ್ನಡಿ ಹಿಡಿಯುವಾಗಲೂ ಸೇನಾಪತಿಯ ಹಾಗೆ ಹಿಡಿಯುತ್ತಾನೆ. ನೋಡಲಾಗುವುದಿಲ್ಲ.

ತಾಲೀಮು ನಡೆದಿದೆ. ಕವಿ ನನ್ನನ್ನು ಬಿಡುವುದಿಲ್ಲ.

“ಮೋಂಕ್ಲೇರ್, ಅಳಬೇಡ್ರೀ!” (ರಂಗದ ಮೇಲೆ ನನ್ನ ಹೆಸರು ಅದು.)

“ಅಳ್ತಿಲ್ಲ ಸ್ವಾಮಿ, ಉಸಿರು ತಗೋತಿದೀನಿ.”

“ಅದನ್ನೂ ತಗೋಬೇಡಿ. ದೂತ ಅತ್ತರೆ ಸಭೆ ಯಾಕೆ ಅಳಬೇಕು? ಬನ್ನಿ, ನೆಲ ನೋಡಿ. ರಾಜನ ಮುಖ ನೋಡಬೇಡಿ. ಕಂಡದ್ದನ್ನ ಕಂಡ ಹಾಗೆ ಹೇಳಿ. ಸತ್ತವನ ಹೆಸರು ಬಂದಾಗ ಮಾತ್ರ ಒಂದು ಕ್ಷಣ ನಿಲ್ಲಿ.”

“ನಿಂತರೆ ಮರೆತೆ ಅಂದ್ಕೋತಾರೆ.”

“ಅಂದ್ಕೊಳ್ಳಲಿ. ಆಮೇಲೆ ನಾಚಿಕೊಳ್ತಾರೆ.”

ಕತ್ತೆಮಗ, ಕಸುಬು ಬಲ್ಲವನು.

ದೊಡ್ಡ ತೊಂದರೆ ಎಂದರೆ ರಂಗದ ಮೇಲೇ ಬೆಂಚು ಹಾಕಿ ಕೂರುವ ಶ್ರೀಮಂತರು. ಸಮುದ್ರತೀರದಿಂದ ಓಡೋಡಿ ಬಂದ ದೂತ ಮೊದಲು “ಕಾಲು ತೆಗೀರಿ ಸ್ವಾಮಿ, ಕಾಲು ತೆಗೀರಿ” ಅನ್ನುತ್ತ ರೇಷ್ಮೆ ಷರಾಯಿಗಳ ನಡುವೆ ನುಸುಳಬೇಕು. ಗ್ರೀಕರಿಗೆ ಈ ಕಾಟ ಇತ್ತೇ?

ಇನ್ನೊಂದು. ಅಲ್ಲಿ ದೂತನ ವೇಷ ಯಾರು ಹಾಕುತ್ತಿದ್ದರು? ಸಣ್ಣ ನಟರೋ? ತಿಳಿಯಬೇಕು.

ಇಲೇರ್

ಸೋಮ್ಯೂರ್, 2 ಡಿಸೆಂಬರ್ 1678

ಇಲೇರನಿಗೆ,

ನಿನ್ನ ಕಾಗದ ಓದಿ ಒಂದು ವಿಷಯ ಗಮನಿಸಿದೆ. ಮೇಷ್ಟ್ರ ಚಟ, ಬಿಡುವುದಿಲ್ಲ. ನಿನ್ನ ವಾಕ್ಯಗಳು ಮೊಟಕಾಗುತ್ತಿವೆ. ಮೊದಲು ನಿನ್ನ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಪೆರಿನ್ ಒಂದು ಕಾಲುಚೀಲದ ಹಿಮ್ಮಡಿ ಹೆಣೆಯುತ್ತಿದ್ದಳು. ಕವಿಯ ಸಹವಾಸದಿಂದ ಶೈಲಿ ಬಿಗಿಯಾಗಿರಬೇಕು. ಒಳ್ಳೆಯದೇ.

ದೂತನ ವಿಷಯ. ಇದು ನನಗೆ ಚೆನ್ನಾಗಿ ನೆನಪಿದೆ, ನೆನಪಾದದ್ದಕ್ಕೆ ಖುಷಿಯಾಗಿ ಗೀಯೆಮೆತ್‌ಗೂ ಹೇಳಿದೆ. ಅವಳು ಕೋಳಿಯ ಪುಕ್ಕ ಕೀಳುತ್ತ “ಹೌದಾ” ಎಂದಳು. ಗ್ರೀಕರಲ್ಲಿ ಮಾತಾಡುವ ನಟರು ಮೂವರೇ. ಎಷ್ಟು ಪಾತ್ರಗಳಿದ್ದರೂ ಆ ಮೂವರೇ ಮುಖವಾಡ ಬದಲಿಸಿ ಆಡಬೇಕು. ಹಾಗಾಗಿ ಏನಾಗುತ್ತಿತ್ತು? ರಾಜಕುಮಾರನಾಗಿ ಸಾಯಲು ಒಳಗೆ ಹೋದವನು ರಂಗದ ಹಿಂದಿನ ಗುಡಾರದಲ್ಲಿ ಮುಖವಾಡ ಕಳಚಿ, ದೂತನ ಮುಖವಾಡ ಹಾಕಿಕೊಂಡು ಹೊರಗೆ ಬಂದು, ತನ್ನ ಸಾವನ್ನು ತಾನೇ ವರದಿ ಮಾಡುವುದೂ ಇತ್ತು. ಮುಖ ಬೇರೆ, ಧ್ವನಿ ಅದೇ. ಜನಕ್ಕೆ ಗುರುತು ಸಿಗುತ್ತಿತ್ತು. ಸತ್ತವನೇ ಬಂದು ‘ನಾನು ಹೀಗೆ ಸತ್ತೆ’ ಎನ್ನದೆ ‘ಅವನು ಹೀಗೆ ಸತ್ತ’ ಎನ್ನುತ್ತಾನೆ. ಕಾಲೇಜಿನಲ್ಲಿ ಇದನ್ನು ಕೇಳಿದ ದಿನ ನನಗೆ ಮೈ ಜುಂ ಎಂದಿತ್ತು. ಆದ್ದರಿಂದ ದೂತ ಸಣ್ಣ ಪಾತ್ರ ಅಂದುಕೊಳ್ಳಬೇಡ.

ದೂತ ಸುಳ್ಳು ಹೇಳುವುದಿಲ್ಲ, ಅದೇ ಅವನ ಧರ್ಮ. ನಾವು ಕಾಣದ್ದನ್ನು ಅವನ ಬಾಯಿಂದಲೇ ನಂಬಬೇಕು ತಾನೆ? ಒಂದು ನಾಟಕದಲ್ಲಿ ಮಾತ್ರ ಮುದುಕ ಮೇಷ್ಟ್ರೊಬ್ಬ ದೂತನಾಗಿ ಬಂದು, ಬದುಕಿರುವವನನ್ನು ಸತ್ತನೆಂದು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಾನೆ, ರಥ ಮುರಿದ ಸದ್ದು ಸಮೇತ. ಆ ಪುಟ ಕಂಡರೆ ನನಗೆ ಆಗುತ್ತಿರಲಿಲ್ಲ. ಹುಡುಗರಿಗೆ ಹಾರಿಸಿ ಓದಿಸುತ್ತಿದ್ದೆ. ಮೇಷ್ಟ್ರಾದವನು ಹಾಗೆ ಮಾಡುವುದೇ?

ಕ್ರಿಸ್ಮಸ್ಸಿಗೆ ಬಾ. ಬಂದು ಸಹಿ ಹಾಕಿ ಇಲ್ಲೇ ಇರು. ನಿನ್ನ ಕೋಣೆಯಲ್ಲಿ ಈಗ ಈರುಳ್ಳಿ ಇದೆ, ತೆಗೆಸುತ್ತೇನೆ.

ಮಾತ್ಯುರಿನ್

ಸೋಮ್ಯೂರ್, 28 ಡಿಸೆಂಬರ್ 1678

ಇಲೇರ್,

ನೀನು ಬರಲಿಲ್ಲ, ಕಾಗದವೂ ಬರಲಿಲ್ಲ. ಈರುಳ್ಳಿ ತೆಗೆಸಿ ಮತ್ತೆ ಇಡಿಸಿದೆ.

ನಿನ್ನೆ ವೈನ್ ವ್ಯಾಪಾರಿ ಗೋಬ್ಯು ಪ್ಯಾರಿಸ್ಸಿನಿಂದ ಬಂದಿದ್ದ. “ನಿಮ್ಮ ಬಾವಮೈದನ್ನ ನೋಡ್ದೆ ಮೇಷ್ಟ್ರೇ. ನಾಟಕಶಾಲೆ ಮೆಟ್ಟಿಲ ಮೇಲೆ ಕೂತ್ಕಂಡು ಅಂಗಿ ತೋಳಿಗೆ ಬಾಯಿಟ್ಟು ಕೆಮ್ತಿದ್ರು. ತೋಳು ಕೆಂಪಗಿತ್ತು. ನನ್ನ ಕಂಡು ‘ನಿಮ್ಮ ವೈನೇ ಚೆಲ್ಕೊಂಡೆ ಮಾರಾಯ’ ಅಂದ್ರು. ನಾನು ಮಾರೋದು ಬಿಳಿ ವೈನು.”

ಆದ್ದರಿಂದ ವಾಕ್ಯಗಳು ಮೊಟಕಾದದ್ದು ಶೈಲಿಯಿಂದಲ್ಲ. ರಾಜನ ಪಾತ್ರ ಹೋದದ್ದು ವಯಸ್ಸಿನಿಂದಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಒಂದು ಕಾಗದ ಓದಲು ಬರಲಿಲ್ಲ.

ಸಹಿ ಹಾಕು. ನಾಟಕ ಇನ್ನೊಬ್ಬ ಆಡುತ್ತಾನೆ. ಇದು ಅಪ್ಪಣೆಯಲ್ಲ, ನಿನ್ನ ಅಕ್ಕನ ಮಾತು. ಬೇರೇನೂ ಬರೆಯಲು ತೋಚುವುದಿಲ್ಲ.

ಮಾತ್ಯುರಿನ್

ಪ್ಯಾರಿಸ್, 9 ಜನವರಿ 1679, ಬೆಳಗ್ಗೆ

ಭಾವನವರಿಗೆ,

ಇಂದು ಮಧ್ಯಾಹ್ನ ಮೊದಲ ಪ್ರದರ್ಶನ. ಬದುಕಿ ಒಳಗೆ ಬಂದರೆ ಈ ಕಾಗದವನ್ನು ನಾನೇ ಹರಿಯುತ್ತೇನೆ. ನಿಮಗೆ ತಲುಪಿದರೆ ಇದರಲ್ಲಿರುವುದು ನಡೆದಿದೆ ಎಂದು ತಿಳಿಯಿರಿ. ನಿಮ್ಮ ಗ್ರೀಕರ ಮುಖವಾಡ ಹಾಕಿಕೊಂಡು ಬರೆಯುತ್ತಿದ್ದೇನೆ. ಅಳುವುದಿಲ್ಲ.

ಮಹಾಸ್ವಾಮಿ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ವೈದ್ಯರು ಅವನಿಗೆ ಉದ್ದನೆಯ ಮಾತು ಬೇಡವೆಂದಿದ್ದರು. ಮಂಡಳಿಯವರು ರಾಜನ ಪಾತ್ರ ಕಿತ್ತುಕೊಂಡರು. ಅವನು ಜಗಳವಾಡಿ ದೂತನ ಪಾತ್ರ ಉಳಿಸಿಕೊಂಡ. ಒಂದೇ ಮಾತು ತಾನೆ, ಒಂದು ಮಾತಿಗೆ ಸಾಕಾಗುವಷ್ಟು ಎದೆ ಉಳಿದಿದೆ ಎಂದ. ನೀವು ಕಳಿಸಿದ ಕಾಗದವನ್ನು ಉಡುಪಿನ ಮನೆಯ ನಾನೋನಳ ಕೈಗೆ ಕೊಟ್ಟು, ಶಾಯಿ ಲೇಖನಿ ಸಿದ್ಧವಾಗಿಡು ಎಂದ. ಇಲ್ಲಿನ ಪಾದ್ರಿ ಹಿಂಬಾಗಿಲ ಆಚೆ ಔಷಧಿ ಅಂಗಡಿಯಲ್ಲಿ ಕೂತಿರಲು ಒಪ್ಪಿದ್ದರು. ನಾಟಕಶಾಲೆಯ ಹೊಸ್ತಿಲು ಅವರು ದಾಟುವುದಿಲ್ಲ. ಮಾತು ಮುಗಿಸಿ, ಹಿಂದಕ್ಕೆ ಬಂದು, ಬೀದಿ ದಾಟಿ, ಸಹಿ ಹಾಕುವುದು. ಬೇಗವೂ ಅಲ್ಲ, ತಡವೂ ಅಲ್ಲ. ಅವನ ಲೆಕ್ಕ ಇದು.

ಐದನೆಯ ಅಂಕದಲ್ಲಿ ಅವನು ನೆಲ ನೋಡುತ್ತ ಬಂದ. ರಾಜನ ಮುಖ ನೋಡಲಿಲ್ಲ. ಸತ್ತವನ ಹೆಸರು ಬಂದಾಗ ಒಂದು ಕ್ಷಣ ನಿಂತ. ಮರೆತನೆಂದು ಸಭೆ ಅಂದುಕೊಂಡಿತು, ಆಮೇಲೆ ನಾಚಿಕೊಂಡಿತು. ಮಾತಿನ ಕೊನೆಯ ಪದದವರೆಗೂ ಉಸಿರು ಸಾಲಿತು.

ಸಹಿಯ ವಿಷಯ ಈಗ ನನಗೆ ತಿಳಿಯದು. ಆ ಸಾಲು ಖಾಲಿ ಬಿಟ್ಟಿದ್ದೇನೆ. ನಾನೋನ್ ಬರೆಯುತ್ತಾಳೆ.

‘ಅವರು ಹೇಳಿದ ಹಾಗೇ ಎಲ್ಲಾ ಆಯಿತು. ಮಾತು ಪೂರ್ತಿ ಆಡಿದರು. ರಂಗದ ಮೇಲೆ ಕೂತಿದ್ದ ದೊಡ್ಡವರೆಲ್ಲ ಎದ್ದು ಶಭಾಸ್ ಹೇಳಲು ಸುತ್ತುಗಟ್ಟಿದರು. ದಾರಿ ಬಿಡಿ ಅಂತ ನಾನು ಕಿರುಚಿದೆ, ಯಾರಿಗೂ ಕೇಳಲಿಲ್ಲ. ಆ ದೊಡ್ಡವರ ಕಾಲ ಸಂದಿಯಲ್ಲೇ ಇವರು ಕುಸಿದರು. ಲೇಖನಿ ಹಿಡಿಸಿದೆ, ಬೆರಳು ಮಡಚಲಿಲ್ಲ. ಸಹಿ ಇಲ್ಲ. ಇಲ್ಲಿನ ಪಾದ್ರಿ ಮಣ್ಣು ಕೊಡುವುದಿಲ್ಲ ಅಂದರು. ಮಂಡಳಿಯವರು ಶವದ ಪೆಟ್ಟಿಗೆಯನ್ನು ಗಾಡಿಯಲ್ಲಿ ಓರ್ಲೆಯಾನ್‌ವರೆಗೆ, ಅಲ್ಲಿಂದ ದೋಣಿಯಲ್ಲಿ ನಿಮ್ಮೂರಿಗೆ ಕಳಿಸುತ್ತಿದ್ದಾರೆ. ಚಳಿ ಇದೆ, ತೊಂದರೆ ಇಲ್ಲ. — ನಾನೋನ್’

ಸೋಮ್ಯೂರ್, 6 ಫೆಬ್ರವರಿ 1679

ಇಲೇರ್,

ಈ ಕಾಗದವನ್ನು ಅಂಚೆಗೆ ಹಾಕುವ ಹಾಗಿಲ್ಲ. ಬರೆದು ಒಲೆಗೆ ಹಾಕುತ್ತೇನೆ. ಆದರೆ ನೀನು ನನ್ನ ಕೊನೆಯ ಕಾಗದಕ್ಕೆ ಉತ್ತರ ಬರೆದಿದ್ದೀಯ, ಉತ್ತರಕ್ಕೆ ಉತ್ತರ ಬರೆಯದಿದ್ದರೆ ಪೆರಿನ್‌ಗೆ ಕೋಪ ಬರುತ್ತದೆ.

ಲ್ವಾರ್ ನದಿಯಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ದೋಣಿ ತಡವಾಯಿತು, ನಿನ್ನ ಕಾಗದ ಮುಂಚೆ ಬಂತು. ಪೆಟ್ಟಿಗೆ ಕಟ್ಟೆಗೆ ಬಂದ ಬೆಳಗ್ಗೆ ಅಂಬಿಗ ಕೂಗಿದ: “ಯಾರ್ರೀ ಇದರ ವಾರಸುದಾರರು? ನಟನ್ನ ಹೊತ್ಕಂಡು ಹೋದ್ರೆ ಮೀನು ಬೀಳಲ್ಲ ಅಂತಾರೆ, ಬೇಗ ಇಳಿಸ್ಕಳಿ!” ನಾನು ಕೈ ಎತ್ತಿದೆ. ಹೊಳೆಯ ಕಟ್ಟೆಯ ಮೇಲೆ ಹುಡುಗರಂತೆ ಕೈ ಎತ್ತಿ ನಿಂತವನು ನಾನೊಬ್ಬನೇ.

ನಾನು ಬೋದ್ರಿಯವರ ಮನೆಗೆ ಹೋದೆ. ಅವರು ಬ್ರೆಡ್ಡು ಸೂಪಿಗೆ ಅದ್ದುತ್ತಿದ್ದರು.

“ಬಂದ್ನಾ?”

“ಬಂದ.”

“ಕಾಗದ?”

ಅಲ್ಲಿಯವರೆಗೂ ನಾನು ಏನು ಹೇಳಬೇಕೆಂದು ನಿರ್ಧರಿಸಿರಲಿಲ್ಲ. ಆಗ ನಿನ್ನ ಕವಿಯ ಪಾಠ ನೆನಪಾಯಿತು. ನೆಲ ನೋಡಿದೆ. ಪಾದ್ರಿಯ ಮುಖ ನೋಡಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳತೊಡಗಿದೆ. ನಾನು ಕಂಡದ್ದು ಏನೂ ಇರಲಿಲ್ಲ.

ಔಷಧಿ ಅಂಗಡಿ ಹೇಳಿದೆ, ಕಪಾಟಿನ ಬಾಟಲಿಗಳನ್ನು ಹೇಳಿದೆ. ಬೀದಿ ದಾಟುವಾಗ ನಿನ್ನ ಚಪ್ಪಲಿ ಹಿಮದಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿದೆ. ಬೆರಳು ಮಡಚದೆ ಲೇಖನಿ ಬಿದ್ದದ್ದು, ಆಗ ನೀನು ಪಾದ್ರಿಯ ತೋಳು ಹಿಡಿದು ಬಾಯಿಮಾತಿನಲ್ಲೇ ‘ತ್ಯಜಿಸಿದ್ದೇನೆ’ ಎಂದದ್ದು, ಆ ಮಾತಿಗೆ ಉಸಿರು ಮುಗಿದದ್ದು. ಇಲೇರ್ ಎಂಬ ಹೆಸರು ಬಂದಾಗ ಒಂದು ಕ್ಷಣ ನಿಂತೆ. ಬೇಕೆಂದು ನಿಲ್ಲಲಿಲ್ಲ, ಮಾತೇ ನಿಂತಿತು. ಬೋದ್ರಿಯವರ ಬ್ರೆಡ್ಡು ಸೂಪಿನಲ್ಲಿ ಕರಗಿ ಹೋಯಿತು.

ಕೊನೆಗೆ ಅವರು ಕಣ್ಣೊರೆಸಿಕೊಂಡು ಎಂದರು: “ಅಲ್ಲಿನ ಪಾದ್ರಿಗೆ ಬರೆದು ಕೇಳ್ಬೇಕು, ಅದು ನಿಯಮ.” ಆಮೇಲೆ ನನ್ನನ್ನು ನೋಡಿದರು. “ಬೇಡ ಬಿಡಿ. ಬೇರೆ ಯಾರೇ ಹೇಳಿದ್ರೂ ಕೇಳ್ತಿದ್ದೆ. ನೀವು ನನ್ನ ಅಣ್ಣನ ಮಕ್ಕಳಿಗೆ ಪಾಠ ಹೇಳಿದೋರು, ಸುಳ್ಳು ಹೇಳಿದ್ರೆ ಬೆರಳಿಗೆ ಹೊಡೀತಿದ್ರಿ. ಗೇಟು ತೆಗಿಸ್ತೀನಿ.”

ಹೀಗೆ ನೀನು ಪೆರಿನ್ ಪಕ್ಕದಲ್ಲಿ ಮಲಗಿದೆ. ಗಂಟೆ ಹೊಡೆಯಲಿಲ್ಲ, ನಟರಿಗೆ ಹೊಡೆಯುವುದಿಲ್ಲವಂತೆ. ಗೀಯೆಮೆತ್ ಬಂದಿದ್ದಳು. ಅವಳೇ ಕೇಳಿದ್ದು: “ಈ ಕಡೆ ಬಾವಮೈದ ಆಯ್ತು. ಆ ಕಡೆ ಗೋಡೆ. ನಿಮಗೆಲ್ಲಿ ಜಾಗ?” ಈ ವಿಷಯ ನಿನಗೆ ಬರೆದಿರಲಿಲ್ಲ. ಇದ್ದದ್ದು ಒಂದೇ ಜಾಗ, ನನಗೆಂದು ತೆಗೆದಿಟ್ಟದ್ದು. ಬರೆದಿದ್ದರೆ ಅದನ್ನೇ ನೆಪ ಮಾಡಿಕೊಂಡು ನೀನು ಸಹಿ ಹಾಕುತ್ತಿರಲಿಲ್ಲ ಎಂದು ಸುಮ್ಮನಿದ್ದೆ. ಹೇಗೂ ಹಾಕಲಿಲ್ಲ. ನನಗೆ ಬಾವಿಯ ಹತ್ತಿರ, ಮೂಲೆಯಲ್ಲಿ ಎಲ್ಲಾದರೂ ಸಿಗುತ್ತದೆ.

ಸಿಗುತ್ತದೆಯೇ ಎಂಬುದೇ ಈಗಿನ ಪ್ರಶ್ನೆ. ಈಸ್ಟರಿಗೆ ಪಾಪನಿವೇದನೆ ಮಾಡಬೇಕು, ಅದೇ ಬೋದ್ರಿಯವರ ಕಿವಿಯಲ್ಲಿ. ಹೇಳಿದ್ದನ್ನು ಅವರು ಯಾರಿಗೂ ಬಿಟ್ಟುಕೊಡುವ ಹಾಗಿಲ್ಲ, ಗೊತ್ತು. ಆದರೆ ಸುಳ್ಳನ್ನು ನೀನೇ ಸರಿಪಡಿಸು, ಊರ ಮುಂದೆ ನಿಜ ಹೇಳು, ಆಮೇಲೆ ಕ್ಷಮೆ ಎನ್ನುತ್ತಾರೆ. ನಿಜ ಹೇಳಿದರೆ ನಿನ್ನನ್ನು ಅಗೆದು ಆಚೆ ಹಾಕುತ್ತಾರೆ. ಹೇಳದೆ ಸತ್ತರೆ ನನ್ನ ಗತಿ ಏನೆಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾರಿಸಿ ಓದಿಸುತ್ತಿದ್ದ ಆ ಪುಟ ಮೊನ್ನೆ ತೆಗೆದು ನೋಡಿದೆ. ಗ್ರೀಕ್ ಅಕ್ಷರ ಮಸುಕು ಮಸುಕು. ಆ ಮುದುಕ ಮೇಷ್ಟ್ರಿಗೆ ಕೊನೆಗೆ ಏನಾಯಿತೆಂದು ಅಲ್ಲಿ ಇಲ್ಲ. ಸುಳ್ಳು ಹೇಳಿ ಮುಗಿಸುತ್ತಾನೆ, ಒಳಗೆ ಹೋಗುತ್ತಾನೆ, ಅಷ್ಟೇ.

ಆದ್ದರಿಂದ ನಿಮ್ಮ ಜೂಜಿಗೆ ನಾನೂ ಕೂತಿದ್ದೇನೆ. ಈಸ್ಟರಿಗೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಇಂದು ಮಧ್ಯಾಹ್ನ ಗೀಯೆಮೆತ್‌ಗೆ ಹೇಳಿಟ್ಟೆ:

“ನಂಗೆ ಕೊನೆಗಾಲ ಬಂದಾಗ ಪಾದ್ರಿಗಳನ್ನ ಕರಿ. ಆದ್ರೆ ಬೇಗ ಕರೀಬೇಡ.”

“ಮತ್ಯಾವಾಗ ಕರೀಲಿ?”

“ನನ್ನ ಬಾಯಿ ನಿಂತ ಮೇಲೆ. ಮಾತು ಹೋಗಿ ಉಸಿರು ಇರುತ್ತಲ್ಲ, ಆಗ. ಕೇಳಿದ್ರೂ ಹೇಳೋಕಾಗಬಾರದು. ಸಾಯೋರಿಗೆ ಹಚ್ಚೋ ಎಣ್ಣೆ ಹಚ್ಚಿ, ಪಾಪ ಕ್ಷಮಿಸಿ ಹೋಗ್ಲಿ.”

ಅವಳು ಈಲು ಮೀನನ್ನು ಕೆಂಪು ವೈನಿನಲ್ಲಿ ಬೇಯಲು ಇಟ್ಟು, ಮುಚ್ಚಳ ಮುಚ್ಚಿ, ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡಳು.

“ನಿಮ್ಮ ಬಾಯಿ ನಿಲ್ಲೋದಾ? ಹಾಗಾದ್ರೆ ಪಾದ್ರಿಗಳೇ ಮೊದಲು ಹೋಗ್ತಾರೆ ಬಿಡಿ.”

ಮಾತ್ಯುರಿನ್